ತಂತಿ ಕೈಕೊಟ್ಟರೆ ಸಪ್ಲೈಯರ್ ಸಂಬಳ ಯಾಕೆ ಹಿಡೀತೀರಿ?

ರಾತ್ರಿ ಒಂದೂವರೆಗೆ ಫೋನ್ ಬಂತು. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಅವನು ಅಕ್ಕನ ಮಗ. ಶಿರಾ ತಾಲ್ಲೂಕಿನವನು, ಇಪ್ಪತ್ತೆರಡು ವರ್ಷ. ಇಂದಿರಾನಗರದ ಒಂದು ಬಾರಿನಲ್ಲಿ ಸಪ್ಲೈಯರ್.

"ಮಾವ, ಈ ತಿಂಗ್ಳು ಎರಡು ಸಾವಿರ ಹಿಡ್ಕಂಡವ್ರೆ."

"ಯಾಕೋ? ಏನ್ಮಾಡ್ದೆ?"

"ನಾನೇನ್ ಮಾಡಿಲ್ಲ. ಮ್ಯಾಚ್ ನಡೀತಿದ್ದಾಗ ಟಿವಿ ಹೋಯ್ತು."

ಅಷ್ಟೇ ಅಪರಾಧ. ಆರ್‌ಸಿಬಿ ಮ್ಯಾಚ್, ಕೊನೆಯ ಎರಡು ಓವರ್. ಬಾರಿನಲ್ಲಿ ಹದಿನಾಲ್ಕು ಟಿವಿ. ಏಳು ಟಿವಿ ಒಮ್ಮೆಗೇ ಕಪ್ಪಾದವು. ಉಳಿದ ಏಳರಲ್ಲಿ ಮ್ಯಾಚ್ ನಡೆಯುತ್ತಲೇ ಇತ್ತು. ಕಪ್ಪಾದ ಕಡೆ ಕೂತವರು ಎದ್ದು ಬೊಬ್ಬೆ ಹಾಕಿದರು. ಕ್ಯಾಪ್ಟನ್ ಇವನ ಕೈಗೆ ರಿಮೋಟ್ ತುರುಕಿ "ಸರಿ ಮಾಡೋ" ಅಂದ. ಇವನು ಗುಂಡಿ ಒತ್ತಿದ, ಚೆನ್ನಾಗಿ ಬರುತ್ತಿದ್ದ ಏಳೂ ಟಿವಿಯಲ್ಲಿ ಚಾನೆಲ್ ಬದಲಾಯಿತು. ಆ ಗಲಾಟೆಯಲ್ಲಿ ಎರಡು ಟೇಬಲ್‌ನವರು ಬಿಲ್ ಕೊಡದೆ ಹೋದರು. ತಿಂಗಳ ಕೊನೆಗೆ ಹದಿನಾರು ಸಾವಿರದ ಸಂಬಳದಲ್ಲಿ ಎರಡು ಸಾವಿರ ಕಟ್. ಚೀಟಿ ಇಲ್ಲ, ಸಹಿ ಇಲ್ಲ, "ಟಿವಿ ಲಾಸ್" ಅಂತ ಬಾಯಲ್ಲಿ ಹೇಳಿದ್ದಷ್ಟೇ.

ಬಾರ್ ಬಗ್ಗೆ ಬರೀತೀರಾ ಅಂತ ಕೆಲವರು ಮೂಗು ಮುರಿಯಬಹುದು. ಕುಡಿತವನ್ನು ನಾವು ಹೊಗಳುತ್ತಿಲ್ಲ. ಆದರೆ ಆ ಬಾರುಗಳಲ್ಲಿ ತಟ್ಟೆ ಹೊರುವವರು, ಗ್ಲಾಸು ತೊಳೆಯುವವರು, ಸೀಲಿಂಗ್ ಮೇಲೆ ಹತ್ತಿ ಕೇಬಲ್ ಎಳೆಯುವವರು ಯಾರ ಮಕ್ಕಳು? ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು, ತಮ್ಮಂದಿರು. ಹಾಗಾಗಿ ಈ ಟಿವಿ ವಿಷಯ ನಮ್ಮ ಊರುಗಳ ವಿಷಯವೂ ಹೌದು.

ಮುಂದಿನ ಸೋಮವಾರ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ನಮ್ಮಲ್ಲಿ ಇಬ್ಬರು ಹೋಗಿ ನೋಡಿದೆವು. ಅಲ್ಲಿಗೆ ರಿಪೇರಿಗೆ ಬರುವ ಎಲೆಕ್ಟ್ರಿಷಿಯನ್ ಕೂಡ ನಮ್ಮ ಕಡೆಯವನೇ. ಅವನು ಬಾರ್ ಕೌಂಟರ್ ಕೆಳಗಿನ ಬೀರು ತೆಗೆದು ತೋರಿಸಿದ. ಐಸ್ ಮಷಿನ್ ಪಕ್ಕ, ಬಿಸಿಗಾಳಿ ಹೊಡೆಯುವ ಜಾಗದಲ್ಲಿ, ಒಂದೇ ಒಂದು ಸೆಟ್‌ಟಾಪ್ ಬಾಕ್ಸ್. ಅದರಿಂದ ಒಂದು ಎಚ್‌ಡಿಎಂಐ ವಯರ್ ಹೊರಟು ಒಂದು ಸ್ಪ್ಲಿಟರ್‌ಗೆ. ಆ ಸ್ಪ್ಲಿಟರ್‌ನಿಂದ ಇನ್ನೆರಡು ಸ್ಪ್ಲಿಟರ್‌ಗೆ. ಅಲ್ಲಿಂದ ಹದಿನಾಲ್ಕು ಟಿವಿಗೆ. ದೂರದ ಟಿವಿಗೆ ಹೋಗುವ ವಯರ್ ಇಪ್ಪತ್ತು ಮೀಟರ್ ಮೇಲಿತ್ತು, ನಡುವೆ ಎರಡು ತುಂಡು ಜೋಡಿಸಿ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಕೈಯಿಂದ ಮುಟ್ಟಿದರೆ ಎರಡನೇ ಸ್ಪ್ಲಿಟರ್ ಕಾವಲಿಯ ಹಾಗೆ ಸುಡುತ್ತಿತ್ತು.

"ಇದು ಇಷ್ಟು ದಿನ ನಡೆದಿದ್ದೇ ಹೆಚ್ಚು," ಅಂದ ಎಲೆಕ್ಟ್ರಿಷಿಯನ್.

ಇದನ್ನು ಊರಿನ ಲೆಕ್ಕದಲ್ಲಿ ಹೇಳುತ್ತೇವೆ. ಒಂದು ಬೋರ್‌ವೆಲ್, ಒಂದು ಪೈಪು, ಆ ಪೈಪಿಗೆ ಹದಿನಾಲ್ಕು ಬೀದಿ. ಸ್ಪ್ಲಿಟರ್ ಅಂದರೆ ಅದು. ಒಂದರಲ್ಲಿ ಬಂದದ್ದೇ ಎಲ್ಲ ಕಡೆಗೆ ಹೋಗುತ್ತದೆ. ಮೋಟಾರ್ ಸುಟ್ಟರೆ ಇಡೀ ಊರು ಒಣಗುತ್ತದೆ, ನಡುವೆ ಪೈಪ್ ಒಡೆದರೆ ಅಲ್ಲಿಂದಾಚೆಗೆ ಒಣಗುತ್ತದೆ. ಇದರ ಬದಲು ನಾಲ್ಕು ಬೋರ್‌ವೆಲ್ ನೀರನ್ನು ಒಂದು ಕಡೆ ತಂದು, ಯಾವ ಬೋರಿನ ನೀರು ಯಾವ ಬೀದಿಗೆ ಅಂತ ಗೇಟ್‌ವಾಲ್ವ್ ತಿರುಗಿಸಿ ಬಿಡುವ ಏರ್ಪಾಡು ಮಾಡಬಹುದು. ಟಿವಿ ಲೋಕದಲ್ಲಿ ಅದಕ್ಕೆ ಮ್ಯಾಟ್ರಿಕ್ಸ್ ಅಂತಾರೆ. ನಾಲ್ಕು ಇನ್, ನಾಲ್ಕು ಔಟ್ ಇರುವ ಪೆಟ್ಟಿಗೆ ಒಂದು ದೊಡ್ಡ ಟಿವಿಗಿಂತ ಕಡಿಮೆ ದುಡ್ಡಿಗೆ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ. ಎಂಟು ಇನ್, ಎಂಟು ಔಟ್ ಇರುವುದೂ ಉಂಟು. ಒಂದು ಸೋರ್ಸ್ ಕೆಟ್ಟರೆ ಇನ್ನೊಂದಕ್ಕೆ ತಿರುಗಿಸಿದರಾಯಿತು.

ಊರಲ್ಲಿ ನೀರು ಬರದಿದ್ದರೆ ಮೊದಲು ಬೈಗುಳ ತಿನ್ನುವವನು ವಾಟರ್‌ಮನ್. ಮೋಟಾರ್ ಸುಟ್ಟಿದ್ದು ಅವನಿಂದಲ್ಲ, ಹೊಸ ಮೋಟಾರಿಗೆ ಪಂಚಾಯ್ತಿಯಲ್ಲಿ ಬಿಲ್ ಪಾಸಾಗದ್ದೂ ಅವನಿಂದಲ್ಲ. ಆದರೂ ಬೈಗುಳ ಅವನಿಗೆ. ಬಾರಿನ ಹುಡುಗನದೂ ಅದೇ ಕಥೆ, ಒಂದೇ ವ್ಯತ್ಯಾಸ. ವಾಟರ್‌ಮನ್ ಸಂಬಳದಿಂದ ಮೋಟಾರ್ ದುಡ್ಡನ್ನು ಯಾರೂ ಹಿಡಿಯುವುದಿಲ್ಲ.

ಮಾಲೀಕರು ಒಂದೇ ಬಾಕ್ಸಿಗೆ ಹದಿನಾಲ್ಕು ಟಿವಿ ಯಾಕೆ ಕಟ್ಟುತ್ತಾರೆ? ದುಡ್ಡು ಉಳಿಸಲು. ಟ್ರಾಯ್ 2017ರಲ್ಲಿ ತಂದ ನಿಯಮದ ಪ್ರಕಾರ ಒಂದು ಜಾಗದಲ್ಲಿರುವ ಪ್ರತಿಯೊಂದು ಸೆಟ್‌ಟಾಪ್ ಬಾಕ್ಸ್ ಒಬ್ಬ ಚಂದಾದಾರನ ಲೆಕ್ಕ. ನಾಲ್ಕು ಬಾಕ್ಸ್ ಇಟ್ಟರೆ ನಾಲ್ಕು ಚಂದಾ. ಮನೆ ಚಂದಾದಾರ ಬೇರೆ, ವ್ಯಾಪಾರದ ಜಾಗದ ಚಂದಾದಾರ ಬೇರೆ ಅಂತಲೂ ಟ್ರಾಯ್ ನಿಯಮಗಳು ಗುರುತಿಸುತ್ತವೆ. ಇದೆಲ್ಲ ಖರ್ಚಿನ ಬಾಬ್ತು ಅಂತ ಗೊತ್ತಿದ್ದವರೇ ಒಂದು ಬಾಕ್ಸಿನಲ್ಲಿ ಕೆಲಸ ಮುಗಿಸುತ್ತಾರೆ. ಉಳಿತಾಯ ಮಾಲೀಕನ ಜೇಬಿಗೆ, ಅದು ಕೈಕೊಟ್ಟ ದಿನದ ನಷ್ಟ ಸಪ್ಲೈಯರ್ ಜೇಬಿನಿಂದ.

ನಮ್ಮ ಕಾಲದ ಕೇಬಲ್ ಟಿವಿ ನೆನಪಿರಬೇಕು ನಿಮಗೆ. ದಪ್ಪ ಕರಿ ವಯರ್. ಕೇಬಲ್‌ನವನು ಮನೆಯಿಂದ ಮನೆಗೆ ಎಳೆದುಕೊಂಡು ಹೋಗುತ್ತಿದ್ದ, ದೂರದ ಮನೆಗೆ ಚಿತ್ರ ಮಸುಕು, ಚುಕ್ಕಿ ಚುಕ್ಕಿ. ಆದರೂ ಬ್ಯಾಟು ಯಾವುದು ಬಾಲು ಯಾವುದು ಅಂತ ಗೊತ್ತಾಗುತ್ತಿತ್ತು. ಡಿಜಿಟಲ್ ಹಾಗಲ್ಲ. ಬಂದರೆ ಕನ್ನಡಿ, ಇಲ್ಲದಿದ್ದರೆ ಕತ್ತಲೆ. ಬೆಂಗಳೂರು, ಮೈಸೂರಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗುವ ಗಡುವು ಇದ್ದದ್ದು 2013ರ ಮಾರ್ಚ್ 31. ನಮ್ಮ ಹಳ್ಳಿಗಳ ಸರದಿ ಬಂದಾಗ 2017. ಹಳ್ಳಿಯಲ್ಲಿ ಒಂದು ಬಾಕ್ಸಿಗೆ ಒಂದು ಟಿವಿ, ವಯರ್ ಎರಡು ಮೀಟರೂ ಇಲ್ಲ, ಹಾಗಾಗಿ ತೊಂದರೆ ಕಡಿಮೆ. ಬಾರಿನಲ್ಲಿ ಅದೇ ವಯರನ್ನು ಸೀಲಿಂಗ್ ಮೇಲೆ, ಅಡುಗೆಮನೆ ಗೋಡೆ ಸುತ್ತಿ, ಮಹಡಿಗೆ ಹತ್ತಿಸುತ್ತಾರೆ. ಸಾಧಾರಣ ಎಚ್‌ಡಿಎಂಐ ವಯರ್ ಫುಲ್ ಎಚ್‌ಡಿ ಚಿತ್ರವನ್ನು ಹತ್ತು ಹದಿನೈದು ಮೀಟರ್ ಒಯ್ದೀತು. ಫೋರ್‌ಕೆ ಆದರೆ ಐದು ಮೀಟರ್ ದಾಟಿದ ಮೇಲೆ ನಂಬಿಕೆ ಇಲ್ಲ. ದೂರಕ್ಕೆ ಬೇಕಾದರೆ ಕ್ಯಾಟ್‌-ಸಿಕ್ಸ್ ವಯರ್ ಮೇಲೆ ಎಕ್ಸ್‌ಟೆಂಡರ್ ಹಾಕಬೇಕು. ಎಚ್‌ಡಿ ಬೇಸ್‌-ಟಿ ಅನ್ನುವ ಪದ್ಧತಿಯಲ್ಲಿ ನೂರು ಮೀಟರ್‌ವರೆಗೂ ಫುಲ್ ಎಚ್‌ಡಿ ಹೋಗುತ್ತದೆ. ಇದೆಲ್ಲ ಈ ಕಸುಬಿನ ಹುಡುಗರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. "ಹೇಳ್ತೀವಣ್ಣ, ಓನರ್ ಬೇಡ ಅಂತಾರೆ" ಅನ್ನುವುದು ಅವರ ಮಾತು.

ಇನ್ನೊಂದು ಕೀಟಲೆ ಇದೆ. ಬಾಕ್ಸು, ಟಿವಿ ಎರಡೂ ಒಂದಕ್ಕೊಂದು ಗುರುತು ಹೇಳಿಕೊಂಡ ಮೇಲೇ ಚಿತ್ರ ಬಿಡುತ್ತವೆ. ಕಾಪಿ ಹೊಡೆಯದಿರಲಿ ಅಂತ ಕಂಪನಿಗಳು ಇಟ್ಟ ಬೀಗ ಅದು, ಎಚ್‌ಡಿಸಿಪಿ ಅಂತ ಹೆಸರು. ಸ್ಪ್ಲಿಟರ್‌ನಲ್ಲಿ ಹಲವು ಟಿವಿ ಇದ್ದಾಗ ಯಾರೋ ಒಂದು ಟಿವಿಯ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೂ ಈ ಗುರುತಿನ ಮಾತು ಮತ್ತೆ ಶುರುವಾಗಿ, ಬೇರೆ ಟಿವಿಗಳೂ ಎರಡು ಕ್ಷಣ ಕಪ್ಪಾಗಬಹುದು. ಹಳೆಯ ಟಿವಿ ಒಂದು ನಡುವೆ ಇದ್ದರೆ ಅದರ ಮಟ್ಟಕ್ಕೇ ಎಲ್ಲ ಹೊಸ ಟಿವಿಗಳ ಚಿತ್ರವೂ ಇಳಿಯಬಹುದು. ನಾವು ನೋಡಿದ ಬಾರಿನಲ್ಲಿ ಶೌಚಾಲಯದ ಹತ್ತಿರ ಅಂಥ ಒಂದು ಹಳೇ ಟಿವಿ ಇತ್ತು.

ಈಗ ರಿಮೋಟಿಗೆ ಬರೋಣ, ಯಾಕೆಂದರೆ ಅವತ್ತು ಹುಡುಗನ ತಲೆಗೆ ಕಟ್ಟಿದ್ದು ಅದನ್ನೇ. ಒಂದೇ ಬಾಕ್ಸ್ ಇದ್ದಲ್ಲಿ ಚಾನೆಲ್ ಬದಲಿಸಿದರೆ ಎಲ್ಲ ಟಿವಿಯಲ್ಲೂ ಬದಲಾಗುತ್ತದೆ. ಅದು ಹುಡುಗನ ಕೈಚಳಕವಲ್ಲ, ಕಟ್ಟಿದವನ ಏರ್ಪಾಡು. ಇನ್ನು ಕೆಲವು ಕಡೆ ಒಂದೇ ಕಂಪನಿಯ ನಾಲ್ಕು ಬಾಕ್ಸ್ ಒಂದರ ಮೇಲೊಂದು ಇಟ್ಟಿರುತ್ತಾರೆ. ಒಂದು ರಿಮೋಟ್ ಒತ್ತಿದರೆ ನಾಲ್ಕೂ ಓಗೊಡುತ್ತವೆ. ಹಾಲು ಕರೆಯುವ ಹೊತ್ತಿಗೆ ಒಂದು ಕರುವನ್ನು ಕರೆದರೆ ಕೊಟ್ಟಿಗೆಯ ಕರುಗಳೆಲ್ಲ ಅಂಬಾ ಅಂದ ಹಾಗೆ. ಇದಕ್ಕೆ ಪರಿಹಾರವೂ ಬಲು ಸರಳ. ಬಾಕ್ಸಿನ ಮುಂದಿನ ಕಣ್ಣಿಗೆ ಕರಿ ಟೇಪ್ ಅಂಟಿಸಿ, ಪ್ರತಿ ಬಾಕ್ಸಿಗೂ ಅದರದ್ದೇ ಸಣ್ಣ ಐಆರ್ ವಯರ್ ಹಚ್ಚುವುದು. ಅಷ್ಟು ಮಾಡದೆ, ತುಂಬಿದ ಬಾರಿನಲ್ಲಿ ತಟ್ಟೆ ಹಿಡಿದ ಹುಡುಗನ ಕೈಗೆ ರಿಮೋಟ್ ಕೊಟ್ಟು "ಸರಿ ಮಾಡೋ" ಅನ್ನುವುದು ಯಾವ ನ್ಯಾಯ?

ಮಳೆಯನ್ನೂ ಸೇರಿಸಿಕೊಳ್ಳಿ. ಐಪಿಎಲ್ ಬರುವುದು ಮಾರ್ಚ್ ಕೊನೆಯಿಂದ ಮೇ ತನಕ. ಬೆಂಗಳೂರಿನಲ್ಲಿ ಅದು ಮಾವಿನ ಮಳೆಯ ಕಾಲ. ಸಂಜೆ ಏಳೂವರೆಗೆ ಮ್ಯಾಚ್ ಶುರು, ಎಂಟಕ್ಕೆ ಗುಡುಗು. ಡಿಟಿಎಚ್ ಸಣ್ಣ ತಟ್ಟೆ ಹಿಡಿಯುವ ಅಲೆ ಜೋರು ಮಳೆಯಲ್ಲಿ ಕ್ಷೀಣಿಸುತ್ತದೆ, ಚಿತ್ರ ತುಂಡಾಗುತ್ತದೆ, ಆಮೇಲೆ "ಸಿಗ್ನಲ್ ಇಲ್ಲ". ನಿಮ್ಮ ಮನೆಯಲ್ಲೂ ಆಗುತ್ತದೆ, ಹೆಂಚಿನ ಮೇಲೆ ಹತ್ತಿ ತಟ್ಟೆ ಅಲ್ಲಾಡಿಸಿದವರಿಗೆ ಗೊತ್ತು. ಒಂದು ಸೋರ್ಸ್ ಡಿಟಿಎಚ್, ಇನ್ನೊಂದು ಕೇಬಲ್, ಮತ್ತೊಂದು ಫೈಬರ್ ಇಂಟರ್‌ನೆಟ್ ಅಂತ ಇಟ್ಟುಕೊಂಡ ಬಾರಿನಲ್ಲಿ ಮಳೆ ಬಂದರೆ ಒಂದು ಗುಂಡಿ ಒತ್ತಿದರೆ ಮುಗಿಯಿತು. ಒಂದೇ ತಟ್ಟೆ ನಂಬಿದ ಬಾರಿನಲ್ಲಿ ಮಳೆರಾಯನ ತಪ್ಪಿಗೂ ಸಪ್ಲೈಯರ್ ಹೊಣೆ.

ಕರೆಂಟ್ ಹೋಗುವುದು ಇನ್ನೊಂದು. ಜನರೇಟರ್ ಶುರುವಾಗಲು ಹತ್ತು ಸೆಕೆಂಡ್ ಸಾಕು, ಆದರೆ ಆರಿದ ಸೆಟ್‌ಟಾಪ್ ಬಾಕ್ಸ್ ಮತ್ತೆ ಎದ್ದು ಚಾನೆಲ್ ಹಿಡಿಯಲು ನಿಮಿಷಗಳೇ ಬೇಕು. ಕಂಪ್ಯೂಟರಿಗೆ ಇಡುವಂಥ ಒಂದು ಸಣ್ಣ ಯುಪಿಎಸ್ ಬಾಕ್ಸಿಗೂ ಇಟ್ಟರೆ ಈ ರಗಳೆ ಇರುವುದಿಲ್ಲ. ಕ್ಯಾಷ್ ಕೌಂಟರಿಗೆ ಇಟ್ಟಿರುತ್ತಾರೆ, ಬಾಕ್ಸಿಗೆ ಇಡುವುದಿಲ್ಲ.

ಕೆಲವರು ಜಾಣರು, ಬಾಕ್ಸೇ ಬೇಡ ಅಂತ ಆ್ಯಪ್ ಹಾಕಿಬಿಡುತ್ತಾರೆ. ಮನೆಗೆ ಅಂತ ತೆಗೆದುಕೊಂಡ ಲಾಗಿನ್ ಬಾರಿನಲ್ಲಿ. ಹಲ್ಲು ಬಿಟ್ಟು ನಗುವಂಥ ಘಟನೆಯೊಂದನ್ನು ಕೆ.ಆರ್. ಪುರದಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಹೇಳಿದ. ಮಾಲೀಕರ ಮನೆಯಲ್ಲಿ ಮಕ್ಕಳು, ಅತ್ತೆ, ಡ್ರೈವರ್ ಎಲ್ಲರ ಫೋನಿನಲ್ಲೂ ಅದೇ ಲಾಗಿನ್. ಮ್ಯಾಚ್ ದಿನ ಮನೆಯಲ್ಲಿ ಒಬ್ಬರು ಹೆಚ್ಚಿಗೆ ಆ್ಯಪ್ ತೆರೆದರೆ ಸಾಕು, ಇಲ್ಲಿ ಬಾರಿನ ಟಿವಿ ಮೇಲೆ "ಬಹಳ ಸಾಧನಗಳಲ್ಲಿ ಬಳಸುತ್ತಿದ್ದೀರಿ" ಅಂತ ಬರುತ್ತದೆ. ಆಗಲೂ ಬೈಗುಳ ಹುಡುಗನಿಗೇ. ಅತ್ತೆಗೆ ಬೈಯುವ ಧೈರ್ಯ ಯಾವ ಮಾಲೀಕನಿಗಿದೆ!

ಆ್ಯಪ್‌ನಲ್ಲಿ ಇನ್ನೊಂದು ತೊಡಕು, ತಡ. ಟಿವಿಯಲ್ಲಿ ಸಿಕ್ಸರ್ ಹೋಗಿ ಎಷ್ಟೋ ಸೆಕೆಂಡ್ ಆದ ಮೇಲೆ ಆ್ಯಪ್‌ನಲ್ಲಿ ಬೌಲರ್ ಓಡಿ ಬರುತ್ತಿರುತ್ತಾನೆ. 100 ಅಡಿ ರಸ್ತೆಯಲ್ಲಿ, 12ನೇ ಮೇನ್‌ನಲ್ಲಿ ಬಾರಿಗೆ ಬಾರು ಅಂಟಿಕೊಂಡಿದೆ. ಪಕ್ಕದವರು "ಹೋ" ಅಂದರೆ ಇಲ್ಲಿಯವರಿಗೆ ವಿಕೆಟ್ಟೋ ಸಿಕ್ಸರ್ರೋ ಅಂತ ಎದೆ ಡವಡವ. ಒಂದೇ ಬಾರಿನೊಳಗೆ ಅರ್ಧ ಟಿವಿಗೆ ಬಾಕ್ಸು, ಅರ್ಧಕ್ಕೆ ಆ್ಯಪ್ ಆದರಂತೂ ಗಿರಾಕಿಗಳೇ ಜಗಳಕ್ಕೆ ನಿಲ್ಲುತ್ತಾರೆ. ಒಂದು ಮ್ಯಾಚಿಗೆ ಒಂದೇ ಸೋರ್ಸ್, ಎಲ್ಲ ಟಿವಿಗೂ ಅದೇ. ಬೇರೆ ಆಟಕ್ಕೆ ಬೇರೆ ಸೋರ್ಸ್. ಇಷ್ಟು ತಿಳಿದರೆ ಸಾಕು.

ಹೊಸದಾಗಿ ಬಂದಿರುವ ಇನ್ನೊಂದು ಪದ್ಧತಿ, ವಿಡಿಯೊವನ್ನು ಕಂಪ್ಯೂಟರ್ ನೆಟ್‌ವರ್ಕ್ ಮೇಲೆಯೇ ಹರಿಸುವುದು. ಟಿವಿ ಎಷ್ಟು ಬೇಕಾದರೂ ಸೇರಿಸಬಹುದು, ಒಳ್ಳೆಯದೇ. ಆದರೆ ಅಗ್ಗದ ಸ್ವಿಚ್ ಹಾಕಿ, ಬಿಲ್ಲಿಂಗ್ ಮಷಿನ್ನನ್ನೂ ಅದಕ್ಕೇ ಸಿಕ್ಕಿಸಿದರೆ ವಿಡಿಯೊ ಪ್ರವಾಹ ಎಲ್ಲ ದಾರಿಗೂ ನುಗ್ಗುತ್ತದೆ. ಕೆರೆ ಕೋಡಿ ಬಿದ್ದು ರಸ್ತೆ ಮುಳುಗಿದ ಹಾಗೆ ಬಿಲ್ ಮಷಿನ್ ನಿಂತುಹೋಗುತ್ತದೆ, ಅಡುಗೆಮನೆಗೆ ಆರ್ಡರ್ ಚೀಟಿ ಹೋಗುವುದಿಲ್ಲ. ಆಗ ಕ್ಯಾಷಿಯರ್ ಕೂಗುವುದು ಯಾರನ್ನು ಅಂತ ನಾವು ಬೇರೆ ಹೇಳಬೇಕಾಗಿಲ್ಲ.

ಮಾಲೀಕರ ಮಾತನ್ನೂ ಕೇಳಿದೆವು. ಇಂದಿರಾನಗರದಲ್ಲಿ ಬಾಡಿಗೆ ಸುಡುತ್ತದೆ, ಲೈಸೆನ್ಸ್ ಫೀಸು ಏರುತ್ತದೆ, ಮ್ಯಾಚ್ ದಿನ ಎರಡು ಟೇಬಲ್ ಬಿಲ್ ಕೊಡದೆ ಹೋದರೆ ಅದು ನಿಜವಾದ ನಷ್ಟ. ಒಪ್ಪುತ್ತೇವೆ. ಹಲಸೂರಿನ ಸಣ್ಣ ಬಾರಿನಲ್ಲಿ, ಶಿವಾಜಿನಗರದ ಗಲ್ಲಿಯಲ್ಲಿ, ಮೂಲೆಯಲ್ಲಿ ಒಂದೇ ಟಿವಿ ಇಟ್ಟುಕೊಂಡು ಹಳೇ ಹಾಡು ಹಾಕುವ ಮಾಲೀಕರ ಮೇಲೆ ನಮ್ಮ ಸಿಟ್ಟಿಲ್ಲ. ಅಲ್ಲಿ ಬಾಕ್ಸ್ ಕೆಟ್ಟರೆ ಟಿವಿ ಆಫ್, ರೇಡಿಯೊ ಆನ್. ನಮ್ಮ ಸಿಟ್ಟು, "ಲೈವ್ ಮ್ಯಾಚ್ ಇಲ್ಲಿ ನೋಡಿ" ಅಂತ ಬೋರ್ಡು ಹಾಕಿ, ಮ್ಯಾಚ್ ಹೆಸರಲ್ಲೇ ಟೇಬಲ್ ತುಂಬಿಸಿಕೊಂಡು, ಆ ಮ್ಯಾಚ್ ತೋರಿಸುವ ಏರ್ಪಾಡಿಗೆ ಮಾತ್ರ ಕೈ ಬಿಗಿ ಹಿಡಿಯುವವರ ಮೇಲೆ. ಟಿವಿಯೇ ವ್ಯಾಪಾರದ ಬಂಡವಾಳವಾದರೆ ಅದರ ವಯರಿಗೂ ಬಂಡವಾಳ ಹಾಕಬೇಕಲ್ಲವೇ? ಎತ್ತಿನ ಗಾಡಿಗೆ ಬಣ್ಣ ಬಳಿದು ಕೀಲೆಣ್ಣೆ ಹಾಕದವನನ್ನು ಊರಲ್ಲಿ ಏನನ್ನುತ್ತಾರೆ?

"ಹುಡುಗರಿಗೆ ಭಯ ಇರ್ಲಿ ಅಂತ ಹಿಡೀತೀವಿ, ಇಲ್ಲಾಂದ್ರೆ ಅಸಡ್ಡೆ ಮಾಡ್ತಾರೆ" ಅಂದರು ಒಬ್ಬರು. ಈ ಮಾತಿಗೆ ನಮ್ಮ ಉತ್ತರ ಕಾನೂನಿನದು.

ಸಂಬಳದಲ್ಲಿ ಮಾಲೀಕ ತನಗೆ ತೋಚಿದಷ್ಟು ಹಿಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೇ ಇದ್ದ ಮಾತಿದು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಬಂದಿದೆ, ಅದರಲ್ಲೂ ಈ ಮಾತು ಉಳಿದಿದೆ. ದಂಡ ಹಾಕಬೇಕಾದರೆ ಯಾವ ಯಾವ ತಪ್ಪಿಗೆ ದಂಡ ಅಂತ ಮೊದಲೇ ಸರ್ಕಾರದ ಒಪ್ಪಿಗೆ ಪಡೆದು ಕೆಲಸದ ಜಾಗದಲ್ಲಿ ನೋಟಿಸ್ ಹಾಕಿರಬೇಕು. ದಂಡ ಹಾಕುವ ಮುಂಚೆ ಹುಡುಗನ ಮಾತು ಕೇಳಬೇಕು. ಒಂದು ತಿಂಗಳ ದಂಡ ಆ ತಿಂಗಳ ಸಂಬಳದ ನೂರಕ್ಕೆ ಮೂರನ್ನು ಮೀರಬಾರದು. ಹದಿನಾರು ಸಾವಿರಕ್ಕೆ ಲೆಕ್ಕ ಹಾಕಿ, 480 ರೂಪಾಯಿ. ಹಿಡಿದದ್ದು ಎರಡು ಸಾವಿರ. ಅಷ್ಟೇ ಅಲ್ಲ, ದಂಡದ ದುಡ್ಡನ್ನು ಪುಸ್ತಕದಲ್ಲಿ ಬರೆದಿಡಬೇಕು, ಅದನ್ನು ಕೆಲಸಗಾರರ ಒಳಿತಿಗೇ ಖರ್ಚು ಮಾಡಬೇಕು. ಮಾಲೀಕನ ಗಲ್ಲಾಪೆಟ್ಟಿಗೆಗೆ ಅದು ಸೇರುವಂತಿಲ್ಲ.

"ದಂಡ ಅಲ್ಲ, ನಷ್ಟ ವಸೂಲಿ" ಅಂತ ಮಾತು ತಿರುಗಿಸುವವರಿದ್ದಾರೆ. ಅದಕ್ಕೂ ಉತ್ತರ ಇದೆ. ಕೆಲಸಗಾರನ ವಶಕ್ಕೆ ಅಂತಲೇ ಒಪ್ಪಿಸಿದ ವಸ್ತು ಹಾಳಾದರೆ, ಅಥವಾ ಅವನು ಲೆಕ್ಕ ಕೊಡಬೇಕಾದ ದುಡ್ಡು ಹೋದರೆ, ಅದೂ ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ವಸೂಲಿ. ಅಲ್ಲೂ ಅವನ ಮಾತು ಕೇಳಲೇಬೇಕು. ಸುಡುವ ಸ್ಪ್ಲಿಟರನ್ನು ಹುಡುಗನ ವಶಕ್ಕೆ ಯಾರು ಯಾವಾಗ ಒಪ್ಪಿಸಿದರು? ಟೇಪ್ ಸುತ್ತಿದ ವಯರ್ ಅವನು ತಂದದ್ದೇ? ಅವನಿಗೆ ಒಪ್ಪಿಸಿದ್ದು ತಟ್ಟೆ, ಲೋಟ, ಆರ್ಡರ್ ಪುಸ್ತಕ.

ಹುಡುಗನಿಗೆ ಇದನ್ನೆಲ್ಲ ಹೇಳಿದಾಗ ಅವನು ಸುಮ್ಮನೆ ಕೂತ. "ಕೇಳಿದ್ರೆ ಕೆಲಸ ಹೋಗ್ತದೆ ಮಾವ," ಅಂದ. ಅದೂ ನಿಜ. ಕೆ.ಆರ್. ಪುರದಲ್ಲಿ ಐದು ಜನ ಸೇರಿ ಒಂದು ರೂಮು. ಬಾರ್ ಮುಚ್ಚುವುದು ಒಂದು ಗಂಟೆಗೆ, ಮೆಟ್ರೊ ಹನ್ನೊಂದರ ಸುಮಾರಿಗೇ ನಿಂತಿರುತ್ತದೆ. ನೇರಳೆ ಮಾರ್ಗ 2023ರಲ್ಲಿ ಕೆ.ಆರ್. ಪುರದ ತನಕ ಒಂದೇ ಓಟದಲ್ಲಿ ಬಂದಾಗ ಇವರೆಲ್ಲ ಸಂತೋಷಪಟ್ಟಿದ್ದರು, ಹೋಗುವಾಗ ಮೆಟ್ರೊ ಆಗುತ್ತದೆ, ಬರುವಾಗ ಆಗುವುದಿಲ್ಲ. ಮೂವರು ಸೇರಿ ಆಟೊ ಹಿಡಿಯುತ್ತಾರೆ. ಎರಡು ಸಾವಿರ ಅಂದರೆ ಅವನಿಗೆ ಒಂದು ತಿಂಗಳ ರಾತ್ರಿ ಆಟೊ, ಜೊತೆಗೆ ಅಮ್ಮನ ಬಿಪಿ ಮಾತ್ರೆ.

ಆದ್ದರಿಂದ ಕೇಳುವುದನ್ನು ಅವನೊಬ್ಬನ ಮೇಲೆ ಹಾಕಬಾರದು. ಮನೆಯವರು ತಿಳಿದಿರಬೇಕು. ನಿಮ್ಮ ಮಗನಿಗೆ ನೇಮಕಾತಿ ಪತ್ರ ಕೊಟ್ಟಿದ್ದಾರಾ ಕೇಳಿ. ಸಂಬಳ ಬ್ಯಾಂಕಿಗೆ ಬರುತ್ತಾ, ಕೈಗೆ ಬರುತ್ತಾ ಕೇಳಿ. ಹಿಡಿದ ತಿಂಗಳು ಯಾಕೆ ಹಿಡಿದರು ಅಂತ ವಾಟ್ಸ್ಆ್ಯಪ್‌ನಲ್ಲಾದರೂ ಮ್ಯಾನೇಜರ್‌ಗೆ ಒಂದು ಸಾಲು ಬರೆದು ಇಟ್ಟುಕೊಳ್ಳಲಿ, ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಟಿವಿ ಕೆಟ್ಟ ರಾತ್ರಿ ಫೋನಿನಲ್ಲಿ ಆ ವಯರಿನ ಫೋಟೊ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕಾರ್ಮಿಕ ಇಲಾಖೆಯ ಕಾರ್ಮಿಕ ಭವನ ಬನ್ನೇರುಘಟ್ಟ ರಸ್ತೆಯಲ್ಲಿದೆ. ಉಚಿತ ಕಾನೂನು ನೆರವಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100, ಊರಿಂದಲೇ ಕರೆ ಮಾಡಬಹುದು.

ವಯರಿಂಗ್ ಕೆಲಸಕ್ಕೆ ಹೋಗುವ ಹುಡುಗರಿಗೂ ಒಂದು ಮಾತು. ಐಟಿಐ ಮುಗಿಸಿ ಬಂದವರು, ಕೇಬಲ್ ಆಪರೇಟರ್ ಹತ್ತಿರ ಕಲಿತವರು ನೀವು. ಮಾಲೀಕ "ಇಷ್ಟು ಸಾಕು, ನಡೆಸು" ಅಂದಾಗ ನಡೆಸಿಬಿಡುತ್ತೀರಿ. ನಡೆಸಿ, ಆದರೆ ಬಿಲ್ಲಿನ ಹಿಂದೆ ಒಂದು ಸಾಲು ಬರೆಯಿರಿ: "ವಯರ್ ಉದ್ದ ಜಾಸ್ತಿ, ಎಕ್ಸ್‌ಟೆಂಡರ್ ಬೇಕು ಅಂತ ಹೇಳಿದ್ದೇನೆ." ನಾಳೆ ಟಿವಿ ಹೋದಾಗ ಆ ಸಾಲು ಇನ್ನೊಬ್ಬ ಹುಡುಗನ ಸಂಬಳ ಉಳಿಸೀತು. ಪ್ರತಿ ವಯರಿಗೂ ಎರಡೂ ತುದಿಯಲ್ಲಿ ನಂಬರ್ ಅಂಟಿಸಿ. ಯಾವ ಗುಂಡಿ ಒತ್ತಿದರೆ ಯಾವ ಟಿವಿ ಅಂತ ಕನ್ನಡದಲ್ಲಿ ಬರೆದು ಬೀರುವಿನ ಬಾಗಿಲಿಗೆ ಹಚ್ಚಿ. ನಾವು ನೋಡಿದ ಬೀರುವಿನಲ್ಲಿ ಒಂದಕ್ಕೂ ಹೆಸರಿರಲಿಲ್ಲ.

ಕನ್ನಡ ಅಂದ ಮೇಲೆ ಇನ್ನೊಂದು ಹೇಳಿಬಿಡುತ್ತೇವೆ, ಮಾತು ಸ್ವಲ್ಪ ಪಕ್ಕಕ್ಕೆ ಹೋದರೂ ಸರಿ. 2024ರಲ್ಲಿ ಕಾನೂನು ತಿದ್ದಿದ ಮೇಲೆ ಅಂಗಡಿ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಲೇಬೇಕು. 100 ಅಡಿ ರಸ್ತೆಯ ಬೋರ್ಡುಗಳು ಕನ್ನಡ ಆದವು. ಒಳಗೆ ಹೋದರೆ ಹದಿನಾಲ್ಕು ಟಿವಿಯಲ್ಲಿ ಒಂದರಲ್ಲೂ ಕನ್ನಡ ಕಾಮೆಂಟರಿ ಇಲ್ಲ. ಕನ್ನಡದಲ್ಲಿ ಕ್ರಿಕೆಟ್ ಬರುತ್ತದೆ, ಕಬಡ್ಡಿ ಬರುತ್ತದೆ, ಅದಕ್ಕೆಂದೇ ಚಾನೆಲ್ ಇದೆ. "ಒಂದೇ ಬಾಕ್ಸು, ಏನ್ಮಾಡೋದು" ಅನ್ನುವ ನೆಪಕ್ಕೆ ಉತ್ತರ ಮೇಲೆಯೇ ಹೇಳಿದ್ದೇವೆ. ಎರಡನೇ ಬಾಕ್ಸ್ ಇಟ್ಟು ಒಂದು ಮೂಲೆಯ ಎರಡು ಟಿವಿಗೆ, ಆ ಮೂಲೆಯ ಸ್ಪೀಕರಿಗೆ ಕನ್ನಡ ಬಿಟ್ಟರೆ ಯಾರಿಗೆ ನಷ್ಟ? ಶಬ್ದ ಬೆರೆಯುತ್ತದೆ ಅಂತೀರಾ? ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ, ಮಹಡಿ ಮೇಲೆ ಸ್ಪೀಕರ್ ಹಚ್ಚುವಂತೆಯೇ ಇಲ್ಲ, 2000ದ ಶಬ್ದ ಮಾಲಿನ್ಯ ನಿಯಮ ಹಾಗಿದೆ. ಇಂದಿರಾನಗರದ ನಿವಾಸಿಗಳು ಈ ಗದ್ದಲದ ಬಗ್ಗೆ ವರ್ಷಗಟ್ಟಲೆ ದೂರು ಕೊಟ್ಟಿದ್ದಾರೆ. ಸ್ಪೀಕರ್ ಆರಿದ ಮೇಲೆ ಮೂಕ ಟಿವಿಯಲ್ಲಿ ಒಂದರಲ್ಲಿ ಕಬಡ್ಡಿ, ಇನ್ನೊಂದರಲ್ಲಿ ಫುಟ್‌ಬಾಲ್ ಹಾಕಿದರೆ ಯಾರ ಕಿವಿಗೂ ತೊಂದರೆ ಇಲ್ಲ. ತಟ್ಟೆ ಹೊತ್ತು ಓಡಾಡುವ ಹುಡುಗರೂ ನಡುವೆ ಒಂದು ರೇಡ್ ನೋಡಿಕೊಂಡಾರು.

ಇದು ಬೆಂಗಳೂರಿನ ಕಥೆ ಮಾತ್ರ ಅಂತಲೂ ತಿಳಿಯಬೇಡಿ. ತಾಲ್ಲೂಕು ಕೇಂದ್ರದ ಡಾಬಾಗಳಲ್ಲಿ ಈಗ ನಾಲ್ಕು ನಾಲ್ಕು ಟಿವಿ ಬಂದಿವೆ. ಮ್ಯಾಚ್ ದಿನ ಊರ ಮುಂದೆ ಪರದೆ ಕಟ್ಟಿ ಪ್ರೊಜೆಕ್ಟರ್ ಹಾಕುವ ಯುವಕ ಸಂಘಗಳಿವೆ. ಅಲ್ಲೂ ಇದೇ ಸ್ಪ್ಲಿಟರ್, ಇದೇ ಉದ್ದ ವಯರ್, ಕೆಟ್ಟಾಗ ಬೈಗುಳ ತಿನ್ನಲು ಅಲ್ಲೂ ಒಬ್ಬ ಹುಡುಗ.

ಹೋದ ವಾರ ಹುಡುಗ ಒಂದು ಫೋಟೊ ಕಳಿಸಿದ. ಬಾರಿನಲ್ಲಿ ಹೊಸ ಮ್ಯಾಟ್ರಿಕ್ಸ್ ಪೆಟ್ಟಿಗೆ ಬಂದಿದೆ, ಎರಡು ಬಾಕ್ಸ್ ಹೊಸದು. ಎಲೆಕ್ಟ್ರಿಷಿಯನ್ ಗುಂಡಿಗಳ ಪಕ್ಕ ಬಿಳಿ ಟೇಪಿನಲ್ಲಿ ಬರೆದಿದ್ದಾನೆ: "ಬಾಗಿಲು", "ಮಹಡಿ", "ಕೌಂಟರ್", "ಕಡೇ ಮೂಲೆ". ಫೋಟೊ ಕೆಳಗೆ ಹುಡುಗ ಬರೆದದ್ದು ಒಂದೇ ಸಾಲು. "ಈಗ ಟಿವಿ ಹೋಗಲ್ಲ ಮಾವ. ಆದ್ರೆ ಆ ಎರಡು ಸಾವಿರ ಇನ್ನೂ ಕೊಟ್ಟಿಲ್ಲ."